ಯಂಕಂಚಿ ಹಕ್ಕರಕಿಯ ಎಣ್ಣೆ ತಗ್ಗು

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಆಂಟಿ, ಕಂಪ್ಯೂಟರ್ ಇಲ್ಲದೆ ಐ.ಆರ್. ಹೇಗೆ ಓದುತ್ತಿದ್ದಿರಿ?" ಕಣ್ಣಿನಿಂದ ಓದುತ್ತಿದ್ದೆವು ತಾಯಿ, ಇನ್ನೇನು ಮೊಣಕೈಯಿಂದಲೇ? ನನಗೆ ಎಷ್ಟು ಬಡ್ತಿ ಬಂತು, ಬೀಳ್ಕೊಡುವಾಗ ಯಾರು ಎಂಥ ಶಾಲು ಹೊದಿಸಿದರು ಎಂದೆಲ್ಲ ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಕೆಲಸ ಹೇಗಿತ್ತು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ನಕ್ಕರೆ ನಗಿರಿ, ನಾವಂತೂ ಬೇಕಾದಷ್ಟು ನಕ್ಕಿದ್ದೇವೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಇಂಡಿ ಪಟ್ಟಣದಲ್ಲಿ ನಮ್ಮದೊಂದು ಸಣ್ಣ ಸರ್ಕಾರಿ ಪ್ರಯೋಗಾಲಯ. ಬಾಡಿಗೆ ಮನೆ. ಮುಂದೆ ನಿಂಬೆಗಿಡ, ಬೆನ್ನಿಗೆ ಬಸಪ್ಪನ ಹಿಟ್ಟಿನ ಗಿರಣಿ. ಜೋಳ, ಕುಸುಬಿ, ಶೇಂಗಾ ಪರೀಕ್ಷಿಸುವುದು ನಮ್ಮ ಕೆಲಸ. ಅಂಥ ಮನೆಗೆ ಒಂದು ದಿನ ಲಾರಿಯಲ್ಲಿ ಅವಗೆಂಪು ಯಂತ್ರ ಬಂದಿಳಿಯಿತು. ಮೇಲಿನವರು ಯೋಚನೆ ಮಾಡಿ ಕಳಿಸಿದ್ದರೋ, ಮಾಡದೆ ಕಳಿಸಿದ್ದರೋ, ನಮಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲಲ್ಲಿ ಅದು ಹಿಡಿಯಲಿಲ್ಲ. ಚೌಕಟ್ಟು ಕಿತ್ತು ಒಳಗೆ ತಂದೆವು. ಮನೆಯ ಮಾಲೀಕ ಅಳುವುದೊಂದು ಬಾಕಿ.

ಅವಗೆಂಪು ಅಂದರೆ ಹೆದರಬೇಡಿ, ಆ ಹುಡುಗಿಯರು ಹೇಳುವ ಐ.ಆರ್. ಇದೇ. ಒಲೆಯ ಮುಂದೆ ಕೂತರೆ ಕೆನ್ನೆ ಬಿಸಿಯಾಗುತ್ತದಲ್ಲ, ಆ ಬಿಸಿಯನ್ನು ತರುವ, ಕಣ್ಣಿಗೆ ಕಾಣದ ಬೆಳಕು ಅದು. ಒಣಗಿದ ಎಲೆಯನ್ನು ನುಣ್ಣಗೆ ಅರೆದು, ಒಂದು ಬಗೆಯ ಉಪ್ಪಿನ ಪುಡಿಯಲ್ಲಿ ಬೆರೆಸಿ, ಒತ್ತುಯಂತ್ರದಲ್ಲಿ ಒತ್ತಿದರೆ ಗಾಜಿನಂಥ ಸಣ್ಣ ಬಿಲ್ಲೆ ಬರುತ್ತದೆ. ಅದರ ಮೂಲಕ ಆ ಬೆಳಕು ಹಾಯುತ್ತದೆ. ಎಲೆಯೊಳಗಿನ ಒಂದೊಂದು ಪದಾರ್ಥವೂ ತನ್ನ ಪಾಲಿನ ಬೆಳಕನ್ನು ನುಂಗುತ್ತದೆ. ನುಂಗಿದಲ್ಲೆಲ್ಲ ಯಂತ್ರದ ಪೆನ್ನು ಹಾಳೆಯ ಮೇಲೆ ಕೆಳಗಿಳಿದು ಒಂದು ತಗ್ಗು ಬರೆಯುತ್ತದೆ. ಸಿಂದಗಿ ರಸ್ತೆಯ ತಗ್ಗುಗಳು ನಮ್ಮ ಜೀಪಿನ ಡ್ರೈವರನಿಗೆ ಎಷ್ಟು ಪರಿಚಯವೋ, ಹಾಳೆಯ ತಗ್ಗುಗಳು ನನಗೆ ಅಷ್ಟೇ ಪರಿಚಯವಾದವು. ಇದು ನೀರು, ಇದು ಎಲೆಗಂಟಿದ ಕಪ್ಪು ಎರಿಮಣ್ಣು, ಇದು ಹುಳಿ, ಇದು ಎಣ್ಣೆ.

ಈ ಯಂತ್ರಕ್ಕೆ ಹಸಿ ಅಂದರೆ ಆಗದು. ಅದರೊಳಗಿನ ಕಿಟಕಿ ಗಾಜಿನದಲ್ಲ, ಉಪ್ಪಿನದು. ಬಿಲ್ಲೆಯೂ ಉಪ್ಪಿನದೇ. ಬಾಯಿಯ ಉಸಿರು ತಗುಲಿದರೂ ಸಾಕು, ಮಬ್ಬಾಗುತ್ತದೆ. ನಾನೋ ಮಾತಿನ ಮಲ್ಲಿ. ನಮ್ಮ ಮುಖ್ಯಸ್ಥರಾದ ಬಿರಾದಾರ ಸಾಹೇಬರು ಮೊದಲ ವಾರವೇ ಕಾಯಿದೆ ಮಾಡಿದರು: "ಸುಧಾಬಾಯಿ, ಬಿಲ್ಲೆ ಕೈಯಾಗ ಇದ್ದಾಗ ಬಾಯಿ ಬಂದ್. ನೀವು ಒಂದು ಮಾತಾಡಿದ್ರ ನನ್ನ ಒಂದು ಬಿಲ್ಲೆ ಹೋಗತೈತಿ." ಬಿರಾದಾರರು ಸಿಟ್ಟಿನ ಮನುಷ್ಯ, ಆದರೆ ಅವರ ಸಿಟ್ಟು ಚಹಾ ಆರುವ ಮೊದಲು ಆರುತ್ತಿತ್ತು. ಖುಷಿಯಾದರೂ ಹಾಗೇ, ಊರಿಗೆಲ್ಲ ಸಾರಿಬಿಡುತ್ತಿದ್ದರು. ಈ ಎರಡನೆಯ ಗುಣವೇ ಮುಂದೆ ನಮ್ಮನ್ನು ಫಜೀತಿಗೆ ಕೆಡವಿತು.

ಯಂತ್ರ ಬಂದು ಒಂದು ಮಳೆಗಾಲ ಕಳೆದಿತ್ತು. ಕರಾವಳಿಯ ದೊಡ್ಡ ಪ್ರಯೋಗಾಲಯದವರು ಅದು ತಮಗೆ ಬೇಕು ಎಂದು ಪಟ್ಟು ಹಿಡಿದರು. ಒಣಸೀಮೆಯ ಜೋಳ ನೋಡಲು ಇಷ್ಟು ದೊಡ್ಡ ಯಂತ್ರ ಯಾಕೆ ಎಂಬುದು ಅವರ ವಾದ. ಅಲ್ಲಿನ ದೊಡ್ಡ ಸಾಹೇಬರು ಚಳಿಗಾಲ ಮುಗಿಯುವುದರೊಳಗೆ ತಾವೇ ಬಂದು ನೋಡುವವರಿದ್ದರು. ಇಲ್ಲಿ ಯಂತ್ರಕ್ಕೆ ತಕ್ಕ ಕೆಲಸ ಕಾಣದಿದ್ದರೆ ಬಂದ ಲಾರಿಯ ದಾರಿಯಲ್ಲೇ ಅದು ಹೊರಡುವುದಿತ್ತು. ಕೇಳಿ ನನಗೆ ತವರಿನಿಂದ ಬಂದ ಆಕಳನ್ನು ಬಿಚ್ಚಿಕೊಂಡು ಹೋಗುತ್ತಾರೆ ಅನ್ನುವಷ್ಟು ಸಂಕಟವಾಯಿತು. ಆ ಯಂತ್ರದ ಮುಂದೆ ಕೂತಾಗಲೇ ನಾನು ಬಿ.ಎಸ್ಸಿ. ಓದಿದ್ದು ಸಾರ್ಥಕ ಅನ್ನಿಸುತ್ತಿತ್ತು.

ಮರುದಿನ ಊಟದ ಹೊತ್ತಿಗೆ ಬಿರಾದಾರರು ತಮ್ಮ ಡಬ್ಬಿ ತೆರೆದು ಹಾಗೇ ನೋಡುತ್ತ ಕೂತರು. ರೊಟ್ಟಿಯ ಮೇಲೆ ಹಸಿ ಹಕ್ಕರಕಿ ಎಲೆ. ಬಿಳಿಜೋಳದ ಹೊಲದಲ್ಲಿ ಚಳಿಗಾಲಕ್ಕೆ ತಾನಾಗಿ ಏಳುವ ಸೊಪ್ಪು ಅದು, ನಮ್ಮ ಬಾಯಲ್ಲಿ ಪಲ್ಯ, ಬೇಯಿಸದೆ ತಿನ್ನುವುದೇ ರುಚಿ.

"ಸುಧಾಬಾಯಿ, ಇದನ್ನ ಯಾರು ಬಿತ್ತ್ಯಾರ್ರಿ?"

"ಯಾರೂ ಇಲ್ರಿ. ತಾನ ಬರ್ತದ."

"ಯಾರೂ ಬಿತ್ತಿಲ್ಲ. ಎಲ್ಲಾರೂ ತಿಂತಾರ. ಯಾವ ಇಲಾಖೆಯವ್ರೂ ಇದನ್ನ ಮೂಸಿ ನೋಡಿಲ್ಲ!" ಎಂದು ರೊಟ್ಟಿ ಹಿಡಿದ ಕೈಯಿಂದಲೇ ಮೇಜು ಗುದ್ದಿದರು. "ಇನ್ನ ಮ್ಯಾಲ ಇದು ನಮ್ಮದು."

ಹೀಗೆ ನಮ್ಮ ಪಲ್ಯದ ಕೆಲಸ ಶುರುವಾಯಿತು. ಯಾವ ಎಲೆ ಎಷ್ಟು ಶುದ್ಧ, ಒಣಗಿಸಿಟ್ಟರೆ ಎಷ್ಟು ಕೆಡುತ್ತದೆ, ಯಾವುದರಲ್ಲಿ ಹುಳಿ ಹೆಚ್ಚು ಎಂದು ಯಂತ್ರದಿಂದ ನೋಡುವುದು. ಜೀಪಿನಲ್ಲಿ ಸುತ್ತಲಿನ ನಾಲ್ಕು ತಾಲೂಕು ಅಲೆದೆವು. ಮುದ್ದೇಬಿಹಾಳದಲ್ಲಿ ಜೀಪಿನ ಮೇಲಿದ್ದ 'ಪರೀಕ್ಷೆ' ಅನ್ನುವ ಅಕ್ಷರ ಓದಿದ ಚಹಾದಂಗಡಿಯವನು ಹಾಲಿನ ಪಾತ್ರೆಯನ್ನು ಅವಸರದಲ್ಲಿ ಒಳಗೆ ಸಾಗಿಸಿದ. ನಾವು ಕೇಳಿದ್ದು ಗೋಳಿ ಪಲ್ಯ ಎಲ್ಲಿ ಬೆಳೆಯುತ್ತದೆ ಅಂತ ಅಷ್ಟೇ. ಜೀವ ಬಂದಂತಾಗಿ ಅವನು ನಮಗೆಲ್ಲ ಪುಕ್ಕಟೆ ಚಹಾ ಕೊಟ್ಟ. ಅದನ್ನು ಕುಡಿದ ಮೇಲೆ ಪಾತ್ರೆ ಯಾಕೆ ಒಳಗೆ ಹೋಯಿತು ಎಂದು ತಿಳಿಯಲು ಯಂತ್ರ ಬೇಕಾಗಲಿಲ್ಲ.

ಬಸವನ ಬಾಗೇವಾಡಿ ತಾಲೂಕಿನ ಮಸೂತಿಯಿಂದ ತಂದ ಗೋಳಿಯಂತೂ ನಮಗೆ ನೀರು ಕುಡಿಸಿತು. ದಪ್ಪ ಎಲೆ, ಕೆಂಪು ದಂಟು, ನೆಲಕ್ಕೆ ಅಂಟಿ ಹಬ್ಬುವ ಪಲ್ಯ. ಒಣಗಲೆಂದು ಪೇಪರಿನ ಮೇಲೆ ಹರಡಿಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ಬೇರಿಲ್ಲದ ಆ ಗೋಳಿ ಪೇಪರಿನ ಮೇಲೆಯೇ ಹಳದಿ ಹೂ ಬಿಟ್ಟಿದೆ! ಬಿರಾದಾರರು ಕನ್ನಡಕ ಏರಿಸಿ ನೋಡಿ, "ಇದು ಸಾಯಾಕ ಒಲ್ಲೆ ಅಂತೈತ್ರಿ. ಇದರ ಗುಣಮಟ್ಟ ಇನ್ನೇನು ನೋಡತೀರಿ, ಪಾಸ್ ಅಂತ ಬರೀರಿ" ಅಂದರು. ಮುಂದೆ ಗೋಳಿಯನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ಒಣಗಿಸುವುದನ್ನು ಕಲಿತೆವು.

ಅಗರಖೇಡದಲ್ಲಿ ನಮ್ಮ ಅಂಬಕ್ಕ ಅತ್ತೆಯ ಮನೆ. ಮರಾಠಿಯಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವ, ಮಡಿಯೆಂದರೆ ಪ್ರಾಣ ಕೊಡುವ ಹೆಂಗಸು. ಹಕ್ಕರಕಿ ಒಣಗಿಸಿಡು ಎಂದು ಹೇಳಿ ಬಂದಿದ್ದೆ. ಒಗೆದ ಪಂಚೆಯ ಮೇಲೆ, ಅಟ್ಟದ ನೆರಳಿನಲ್ಲಿ ಎಲೆ ಎಲೆ ಬಿಡಿಸಿ ಒಣಗಿಸಿದ್ದಳು. ತರಲು ನಾನು ಬಸ್ಸಿನಲ್ಲಿ ಹೋದೆ, ಬಿರಾದಾರರು ಆಮೇಲೆ ಜೀಪಿನಲ್ಲಿ ಬಂದರು; ಇಬ್ಬರಿಗೂ ಮುಟ್ಟಗೊಡಳು. "ಅಗ ಬಾಯಿ! ದೂರ ನಿಂದರು. ನೀ ಬಸ್ಸಿನ್ಯಾಗ ಬಂದೀದಿ, ನಿಮ್ಮ ಸಾಹೇಬ ಜೀಪಿನ್ಯಾಗ ಬಂದಾನ. ಯಾರೂ ಮುಟ್ಟಬ್ಯಾಡ್ರಿ, ನಾನೇ ಹಾಕಿ ಕೊಡ್ತೀನಿ." ಬಿರಾದಾರರು ಡಬ್ಬಿಯ ಬಾಯಿ ತೆರೆದು ದೂರದಿಂದಲೇ ಭಿಕ್ಷೆಗೆ ಬಂದವರ ಹಾಗೆ ಹಿಡಿದು ನಿಂತರು. ಆ ಸ್ಯಾಂಪಲ್ಲಿನ ಹಾಳೆ ನೋಡಬೇಕಿತ್ತು ನೀವು. ಬೇರೆ ಊರಿನ ಎಲೆಗಳಲ್ಲೆಲ್ಲ ಕಾಣುತ್ತಿದ್ದ ಎರಿಮಣ್ಣಿನ ತಗ್ಗು ಅದರಲ್ಲಿ ಹುಡುಕಿದರೂ ಇರಲಿಲ್ಲ. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಶುದ್ಧ ಸ್ಯಾಂಪಲ್ಲಿಗೆ 'ಅಂಬಕ್ಕ' ಎಂದೇ ಹೆಸರಾಯಿತು.

ಇನ್ನು ಬಸಪ್ಪನ ಗಿರಣಿ. ಅವನು ಮೋಟಾರು ಹಚ್ಚಿದ ಕ್ಷಣ ನಮ್ಮ ಕರೆಂಟು ಕುಸಿದು ಪೆನ್ನು ಗಕ್ಕನೆ ಹಾರುತ್ತಿತ್ತು. ಹಾಳೆಯಲ್ಲಿ ಇಲ್ಲದ ತಗ್ಗು ಬೀಳುತ್ತಿತ್ತು. ಮೊದಮೊದಲು ಜೋಳದಲ್ಲಿ ಏನೋ ಹೊಸ ಪದಾರ್ಥವಿದೆ ಎಂದು ತಲೆ ಕೆಡಿಸಿಕೊಂಡೆವು. ಗೊತ್ತಾದ ಮೇಲೆ ಅದಕ್ಕೆ ಗಿರಣಿ ತಗ್ಗು ಎಂದು ಹೆಸರಿಟ್ಟೆವು. ಬಿಲ್ಲೆ ಇಟ್ಟೊಡನೆ ಬಿರಾದಾರರು ಹಿಂದಿನ ಕಿಟಕಿಯಿಂದ "ಬಸಪ್ಪಾ, ಬಂದ್ ಮಾಡೋ!" ಎಂದು ಕೂಗುವುದು, ಅವನು "ಮಂದಿ ಹಿಟ್ಟಿಗೆ ನಿಂತಾರ್ರೀ ಸಾಹೇಬ್ರ!" ಎಂದು ಕೂಗುವುದು ದಿನದ ಮಾತಾಯಿತು.

ಈಗ ಮುಖ್ಯ ಕಥೆಗೆ ಬರುತ್ತೇನೆ. ಸಿಂದಗಿ ತಾಲೂಕಿನ ಯಂಕಂಚಿಗೆ ನಾವು ಹೋಗಿರಲಿಲ್ಲ. ಅಲ್ಲಿನ ಗ್ರಾಮಸೇವಕನ ಕೈಯಲ್ಲಿ ಹೇಳಿ ಕಳಿಸಿದ್ದೆವು. ಕುರಿ ಸಾಕುವ ಮಲ್ಲವ್ವ ಎಂಬವಳು ಒಣಗಿಸಿದ ಹಕ್ಕರಕಿ ಕಳಿಸಿಕೊಟ್ಟಳು. ಅರೆಯುವಾಗಲೇ ಪುಡಿ ಕಲ್ಲಿಗೆ ಅಂಟುತ್ತಿತ್ತು. ಬಿಲ್ಲೆ ಮಾಡಿ ಯಂತ್ರಕ್ಕೆ ಇಟ್ಟೆ. ಪೆನ್ನು ಹಾಳೆಯ ನಡುಭಾಗಕ್ಕೆ ಬಂದದ್ದೇ ತಡ, ಬಾವಿಗೆ ಕೊಡ ಬಿಟ್ಟ ಹಾಗೆ ಕೆಳಗಿಳಿಯಿತು. ಎಣ್ಣೆಯ ತಗ್ಗು! ಎಲ್ಲ ಎಲೆಯಲ್ಲೂ ಅದು ತುಸು ಇರುತ್ತದೆ, ಆದರೆ ಇದು ಕುಸುಬಿ ಕಾಳಿನಲ್ಲಿ ಬೀಳುವಂಥ ತಗ್ಗು.

"ಬಸಪ್ಪಂದು," ಅಂದರು ಬಿರಾದಾರರು. ಗಿರಣಿ ನಿಲ್ಲಿಸಿ ಮತ್ತೆ ನೋಡಿದೆವು. ಅದೇ ತಗ್ಗು. ಹೊಸ ಬಿಲ್ಲೆ ಒತ್ತಿ ನೋಡಿದೆವು. ಅದೇ ತಗ್ಗು. ಅಗರಖೇಡದ ಹಕ್ಕರಕಿಯಲ್ಲಿಲ್ಲ, ಬೇರೆ ಯಾವ ಊರಿನದರಲ್ಲೂ ಇಲ್ಲ, ಯಂಕಂಚಿಯದರಲ್ಲಿ ಮಾತ್ರ. ಬಿರಾದಾರರ ಮುಖ ದೀಪಾವಳಿಯಾಯಿತು. "ಎಣ್ಣಿ ಕೊಡೋ ಎಲಿ, ಸುಧಾಬಾಯಿ! ಬಿತ್ತದ ಬೆಳೆಯೋ ಎಣ್ಣಿ! ಯಂಕಂಚಿ ಮಣ್ಣಿನಾಗ ಏನೋ ಐತಿ. ಇನ್ನ ಈ ಯಂತ್ರ ಯಾವ ಮಗಾ ಒಯ್ತಾನ ನೋಡೂಣು!" ಎಂದವರೇ ಪೋಸ್ಟಾಫೀಸಿಗೆ ಓಡಿ ಕರಾವಳಿಯ ದೊಡ್ಡ ಸಾಹೇಬರಿಗೆ ಟ್ರಂಕ್ ಕಾಲ್ ಮಾಡಿಬಿಟ್ಟರು. ಆ ಕಾಲದ ಟ್ರಂಕ್ ಕಾಲಿನಲ್ಲಿ ಕೂಗಿಯೇ ಮಾತಾಡಬೇಕು. ಸಂಜೆಯೊಳಗೆ ಇಂಡಿಯ ಪೇಟೆಗೆಲ್ಲ ಎಣ್ಣೆ ಎಲೆಯ ಸುದ್ದಿ ಗೊತ್ತಾಗಿತ್ತು. ದೊಡ್ಡ ಸಾಹೇಬರು ಮುಂದಿನ ವಾರವೇ ಬರುತ್ತೇನೆ, ಎಣ್ಣೆ ಎಲೆ ನೋಡಿಯೇ ಯಂತ್ರದ ವಿಷಯ ತೀರ್ಮಾನ ಮಾಡುತ್ತೇನೆ ಅಂದರಂತೆ.

ಅವರು ಬರುವ ಮೊದಲು ಆ ಮಣ್ಣನ್ನೂ ಎಲೆಯನ್ನೂ ಕಣ್ಣಾರೆ ನೋಡಬೇಕೆಂದು ಯಂಕಂಚಿಗೆ ಹೋದೆವು. ಮಲ್ಲವ್ವ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದಳು. ಎತ್ತರದ ಹೆಂಗಸು, ದನಿ ಇನ್ನೂ ಎತ್ತರ. "ಇವ್ರೇನ್ರಿ ಸಾಹೇಬ್ರು? ಎಷ್ಟ್ ಸೊರಗ್ಯಾರ ಯವ್ವಾ! ನಾ ಕಳಿಸಿದ ಪಲ್ಯಾ ಎಲ್ಲಾ ನಿಮ್ಮ ಮಶಿನ್ನ ತಿಂತೇನು?"

ಮಶಿನ್ನಿಗೆ ಒಂದು ಚಿಟಿಕೆ ಸಾಕು ಎಂದೆ. "ಒಂದ್ ಚಿಟಿಕಿ? ಅಷ್ಟ್ರಾಗ ಅದರ ಹೊಟ್ಟಿ ತುಂಬತೈತಾ? ಅದಕ ಸರ್ಕಾರದ ಕೆಲಸಾ ಹಿಂಗ ನಡೀತಾವ ತಗೋ," ಎಂದು ನಗುತ್ತ ಒಳಗೆ ಹೋದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಬುಟ್ಟಿ ತುಂಬ ಹಸಿ ಹಕ್ಕರಕಿ ತಂದಿಟ್ಟಳು. ಬಿರಾದಾರರು ಒಂದೊಂದೇ ಎಲೆಯನ್ನು ಬಿಸಿಲಿಗೆ ಹಿಡಿದು, ಇದರಲ್ಲಿ ಎಣ್ಣೆ ಎಲ್ಲಿ ಅಡಗಿದೆ ಎಂದು ನೋಡುತ್ತಿದ್ದರು. ಮಲ್ಲವ್ವ ಅವರ ಕೈಯಿಂದ ಎಲೆ ಕಸಿದುಕೊಂಡಳು.

"ಹಂಗ ಒಣಾದು ತಿಂತಾರೇನ್ರಿ? ಕೊಡ್ರಿ ಇಲ್ಲಿ." ಗಿಂಡಿಯಿಂದ ಅಂಗೈಗೆ ಕುಸುಬಿ ಎಣ್ಣೆ ಸುರುವಿಕೊಂಡು, ಬುಟ್ಟಿಯ ಎಲೆಗೆಲ್ಲ ಮಗುವಿನ ತಲೆಗೆ ಹಚ್ಚುವಂತೆ ತಿಕ್ಕಿದಳು.

"ಮಲ್ಲವ್ವಾ, ನಮಗ ಕಳಿಸಿದ ಪಲ್ಯಕ್ಕೂ ಹಿಂಗ ಹಚ್ಚಿದ್ದೇನು?" ಎಂದು ಕೇಳಿದೆ.

"ಹಚ್ಚದ ಬಿಡತೇನಿ ಏನವ್ವ? ಸರ್ಕಾರದವ್ರಿಗೆ ಹಕ್ಕರಕಿ ಬೇಕಂತ ಅಂದ ಗ್ರಾಮಸೇವಕ. ಮಂದಿ ಉಣ್ಣಾಕ ಕೇಳಿದ್ರ ಎಣ್ಣಿ ಮುಟ್ಟಿಸದ ಕೊಟ್ಟರ ನಮ್ಮನಿ ಮರ್ಯಾದಿ ಏನ್ ಉಳೀತು? ಚೊಲೋತಂಗ ಹಚ್ಚೀನಿ, ಆಮ್ಯಾಲ ಒಣಗಿಸೀನಿ. ಯಾಕ, ಕಮ್ಮಿ ಆಗಿತ್ತೇನು?"

ಬಿರಾದಾರರ ಬಾಯಲ್ಲಿ ರೊಟ್ಟಿಯ ತುತ್ತು ಹಾಗೇ ನಿಂತಿತು. ನಾನು ನೆಲ ನೋಡಿದೆ. ಈಗ ಸಿಡಿಯುತ್ತಾರೆ ಅಂದುಕೊಂಡೆ. ಅವರು ಸಾವಕಾಶ ತುತ್ತು ನುಂಗಿದರು. ಆಮೇಲೆ ಹೊಟ್ಟೆಯಿಂದ ಒಂದು ನಗು ಬಂತು ನೋಡಿ! ಕಂಬಳಿಯ ಮೇಲೆ ಉರುಳಿ ನಕ್ಕರು, ಕಣ್ಣೀರು ಬರುವವರೆಗೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಏನೆಂದು ತಿಳಿಯದ ಮಲ್ಲವ್ವನೂ ನಮ್ಮ ಜೊತೆ ಸೇರಿ ನಕ್ಕಳು. "ಕಮ್ಮಿ ಆಗಿಲ್ಲವ್ವ," ಅಂದರು ಬಿರಾದಾರರು ಕಣ್ಣೊರೆಸಿಕೊಳ್ಳುತ್ತ. "ಭಾಳ ಚೊಲೋ ಹಚ್ಚೀದಿ. ಮಶಿನ್ನೂ ಅದನ್ನ ಹೇಳೇತಿ."

ಹೊರಡುವಾಗ ಎಣ್ಣೆ ಹಚ್ಚದ ಎಲೆ ಒಣಗಿಸಿ ಕಳಿಸು ಎಂದು ಕೇಳಿಕೊಂಡೆವು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. "ಎಣ್ಣಿ ಇಲ್ದ ಒಣಾದು ಹೆಂಗ ಕಳಿಸ್ಲಿರಿ? ನೋಡಿದ ಮಂದಿ ಏನಂದಾರು?" ಎಂದು ಗೊಣಗಿಯೇ ಒಪ್ಪಿದಳು.

ಜೀಪಿನಲ್ಲಿ ನಗು ಇಳಿದ ಮೇಲೆ ಭಯ ಏರಿತು. ಎಣ್ಣೆ ಎಲೆ ಇಲ್ಲ, ಯಂತ್ರವೂ ಹೋಯಿತು ಅಂತಲೇ ಲೆಕ್ಕ. ನಾನೇ ಅಂದೆ, "ಸಾಹೇಬ್ರ, ಕರಾವಳಿಯವ್ರಿಗೆ ಹಕ್ಕರಕಿ ಅಂದ್ರ ಏನಂತ ಗೊತ್ತಿಲ್ರಿ. ಮೊದಲನೇ ಹಾಳಿ ಒಂದ ತೋರಿಸಿ ಸುಮ್ಮನಿರೂಣಲ್ರಿ." ಬಿರಾದಾರರು ರಸ್ತೆ ನೋಡುತ್ತಲೇ ಹೇಳಿದರು: "ಆ ತಗ್ಗು ಮಲ್ಲವ್ವನ ಕೈದು, ಸುಧಾಬಾಯಿ. ಅದನ್ನ ಎಲಿ ಹೆಸರ್ಲೆ ಹೆಂಗ ತೋರಸ್ಲಿ? ಯಂತ್ರ ಹೋದ್ರ ಹೋಗ್ಲಿ."

ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಸಿಂದಗಿಯ ಬಸ್ಸಿನಲ್ಲಿ ಮಲ್ಲವ್ವನ ಗಂಟು ಬಂತು. ಕಂಡಕ್ಟರ್ ತಾನೇ ಲ್ಯಾಬಿನವರೆಗೆ ನಡೆದು ಬಂದು ಕೊಟ್ಟ. ಗಂಟಿನಲ್ಲಿ ಒಣಗಿದ ಹಕ್ಕರಕಿ ಇತ್ತು. ಹಸಿ ಬಟ್ಟೆಯಲ್ಲಿ ಸುತ್ತಿದ ತಾಜಾ ಹಕ್ಕರಕಿಯೂ ಇತ್ತು. ಜೊತೆಗೆ, ಬಾಯಿಗೆ ಅರಿವೆ ತುರುಕಿದ ಹಳೆಯ ಔಷಧಿ ಬಾಟಲಿಯ ತುಂಬ ಕುಸುಬಿ ಎಣ್ಣೆ. "ಒಣಾದು ಮಶಿನ್ನಿಗಂತ, ಎಣ್ಣಿ ಮಂದಿಗಂತ. ಹಿಂಗ ಹೇಳಂದಾಳ್ರಿ ಮಲ್ಲವ್ವ," ಅಂದ ಕಂಡಕ್ಟರ್.

ಒಣಗಿದ್ದನ್ನು ಅರೆದು ನೋಡಿದೆ. ಎಣ್ಣೆಯ ತಗ್ಗು ಮಾಯ, ಎಲ್ಲ ಊರಿನ ಹಕ್ಕರಕಿಯ ಹಾಗೇ ಇದೂ. ನನಗೆ ಆಗ ಹೊಳೆಯಿತು. ಬಾಟಲಿಯಿಂದ ಒಂದು ಹನಿ ಎಣ್ಣೆ ತೆಗೆದು ಬರಿಯ ಉಪ್ಪಿನ ಬಿಲ್ಲೆಗೆ ಸವರಿ ಅದನ್ನೂ ಯಂತ್ರಕ್ಕೆ ಇಟ್ಟೆ. ಪೆನ್ನು ಹಾಳೆಯ ಅದೇ ಜಾಗದಲ್ಲಿ ಬಾವಿಗಿಳಿಯಿತು. ಬಾಯಿ ತೆರೆಯಬಾರದೆಂಬ ಕಾಯಿದೆ ಮರೆತು ನಾನು ಕಿರುಚಿದೆ.

ಮರುದಿನ ದೊಡ್ಡ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ನಮ್ಮ ಚಳಿಗಾಲದ ಬಿಸಿಲಿನಲ್ಲಿ ಕೊಡೆ ನೋಡಿ ಬಸಪ್ಪನ ಗಿರಣಿಯ ಗಿರಾಕಿಗಳೆಲ್ಲ ಹೊರಗೆ ಬಂದು ನಿಂತರು. ಅವರು ಕೂರುವ ಮೊದಲೇ ಕೇಳಿದರು, "ಎಲ್ಲಿ ಮಾರಾಯ್ರೆ, ನಿಮ್ಮ ಎಣ್ಣೆ ಎಲೆ?"

"ಇಲ್ರಿ," ಅಂದರು ಬಿರಾದಾರರು. "ಅಂಥಾ ಎಲಿ ಇಲ್ಲ. ನನ್ನ ತಪ್ಪಾತು." ನಡೆದದ್ದನ್ನೆಲ್ಲ ಹೇಳಿದರು. ಮಲ್ಲವ್ವನ ಅಂಗಳ, ಗಿಂಡಿ, ಅಂಗೈ, ತಾವು ಕಂಬಳಿಯ ಮೇಲೆ ಉರುಳಿದ್ದು, ಒಂದನ್ನೂ ಬಿಡಲಿಲ್ಲ. ದೊಡ್ಡ ಸಾಹೇಬರ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನಾನು ಮೂರೂ ಹಾಳೆ ತಂದು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದೆ. ಬೆಳಕಿನಲ್ಲಿ ಮೂರು ಗೆರೆಗಳೂ ಕಂಡವು. ಬರಿಯ ಎಲೆ, ಬರಿಯ ಎಣ್ಣೆ, ಎಣ್ಣೆ ಹಚ್ಚಿದ ಎಲೆ. ಮೊದಲಿನ ಎರಡರ ತಗ್ಗುಗಳೆಲ್ಲ ಮೂರನೆಯದರಲ್ಲಿ ಒಂದೂ ತಪ್ಪದೆ ಕೂತಿದ್ದವು.

ಅವರು ಬಹಳ ಹೊತ್ತು ನೋಡಿದರು. "ಯಾರೂ ಹೇಳದೇ ಇದ್ದದ್ದನ್ನು ಇದು ಹೇಳಿದೆ," ಎಂದಷ್ಟೇ ಅಂದರು. ಆಮೇಲೆ ಯಂತ್ರದ ಬಾಗಿಲು ತೆರೆದು ಬಗ್ಗಿ ಉಪ್ಪಿನ ಕಿಟಕಿಯನ್ನು ಪರೀಕ್ಷಿಸಿದರು. ಎದ್ದಾಗ ಮುಖ ಬದಲಾಗಿತ್ತು. "ಇದನ್ನು ಯಾವಾಗ ಬದಲಿಸಿದಿರಿ?"

"ಬದಲಿಸೇ ಇಲ್ರಿ, ಬಂದಾಗಿಂದ ಇದೇ ಅದ," ಅಂದೆ.

"ಒಂದು ಮಳೆಗಾಲ ಕಳೆದೂ ಇಷ್ಟು ಸ್ವಚ್ಛ? ನಮ್ಮಲ್ಲಿಯ ಹಳೆಯ ಯಂತ್ರದ ಕಿಟಕಿ ಆಷಾಢಕ್ಕೇ ಮಜ್ಜಿಗೆ ಆಗ್ತದೆ ಮಾರಾಯ್ರೆ." ನಾವು ನಾಚಿಕೊಳ್ಳುತ್ತಿದ್ದ ನಮ್ಮ ಒಣಗಾಳಿಗೆ ಆವತ್ತು ಮೊದಲ ಸಲ ಒಬ್ಬರು ಭೇಷ್ ಅಂದದ್ದು ಕೇಳಿದೆ. ಅಷ್ಟರಲ್ಲಿ ಬಸಪ್ಪ ಮೋಟಾರು ಹಚ್ಚಿದ. ಖಾಲಿ ಹಾಳೆಯ ಮೇಲೆ ಪೆನ್ನು ಗಕ್ಕನೆ ಹಾರಿತು, ದೊಡ್ಡ ಸಾಹೇಬರೂ ಹಾರಿದರು. ಬಿರಾದಾರರು ಎಂದಿನಂತೆ ಕಿಟಕಿಗೆ ಓಡಿ ಕೂಗಿದರು.

ಊಟಕ್ಕೆ ಕೂತೆವು. ಯಂತ್ರದ ಬಗ್ಗೆ ಅವರು ಏನೂ ಹೇಳಿರಲಿಲ್ಲ, ನಮಗೆ ಕೇಳುವ ಧೈರ್ಯವಿರಲಿಲ್ಲ. ಮನೆಯಿಂದ ತಂದ ರೊಟ್ಟಿ ಬಡಿಸಿ, ಮಲ್ಲವ್ವನ ತಾಜಾ ಹಕ್ಕರಕಿ ಇಟ್ಟೆ. ದೊಡ್ಡ ಸಾಹೇಬರು ಒಂದು ಎಲೆ ಬಾಯಿಗಿಟ್ಟು, ಕಹಿಗೆ ಮುಖ ಕಿವುಚಿ, ಆಚೀಚೆ ನೋಡಿದರು. ಕಣ್ಣು ಮೇಜಿನ ಮೇಲಿನ ಔಷಧಿ ಬಾಟಲಿಗೆ ಬಿತ್ತು. ಎದ್ದು ಹೋಗಿ ತಂದರು. ಅರಿವೆ ಕಿತ್ತು ಅಂಗೈಗೆ ಸುರುವಿಕೊಂಡು, ಬಿರಾದಾರರು ವರ್ಣಿಸಿದ್ದ ರೀತಿಯಲ್ಲೇ ಎಲೆಗೆ ತಿಕ್ಕಿ ತಿಂದರು. ತಲೆ ಆಡಿಸಿದರು. ಮತ್ತೆ ಸುರುವಿಕೊಂಡರು. ನಮ್ಮ ಪಾಲಿನ ಎಲೆಗಳಿಗೂ ಹಚ್ಚಿಕೊಟ್ಟರು. ಬಾಟಲಿ ಬರಿದಾಗುತ್ತ ಬಂದದ್ದು ನೋಡಿ ಬಿರಾದಾರರಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಅದು ಸ್ಯಾಂಪಲ್ ರೀ! ಮುಗದ್ರ ಮತ್ತ ಎಲ್ಲಿಂದ ತರೂಣು?"

ದೊಡ್ಡ ಸಾಹೇಬರು ಬಾಟಲಿಯನ್ನು ತಲೆಕೆಳಗು ಮಾಡಿ ಕೊನೆಯ ಹನಿಯನ್ನೂ ರೊಟ್ಟಿಗೆ ಬೀಳಿಸಿದರು. "ಮುಂದಿನ ಚಳಿಗಾಲಕ್ಕೆ ಆ ಅಮ್ಮನ ಹತ್ತಿರ ಇನ್ನೊಂದು ಬಾಟಲಿ ತರಿಸಿ ನೋಡಿ ಮಾರಾಯ್ರೆ. ಯಂತ್ರ ಎಲ್ಲಿಗೆ ಹೋಗ್ತದೆ? ಇಲ್ಲೇ ಇರ್ತದಲ್ಲ."

ಬಿರಾದಾರರು ಎದ್ದರು. ಎಣ್ಣೆಗೈಯಲ್ಲೇ ಹಿಂದಿನ ಕಿಟಕಿ ದೂಡಿ, ಊರಿಗೆಲ್ಲ ಕೇಳುವಂತೆ ಕೂಗಿದರು: "ಬಸಪ್ಪಾ! ಹಚ್ಚೋ ಗಿರಣಿ! ಇವತ್ತ ನಿನಗ ಎಷ್ಟ್ ಬೇಕೋ ಅಷ್ಟ್ ಹಚ್ಚು!"